ಒತ್ತಿದ ಗುರುತು: ಯೊರುಬಾ ದೈವಪರಂಪರೆ ಮತ್ತು ಮುದ್ರಣಚಿತ್ರಕಲೆ

ಯೊರುಬಾ ಭಾಷೆಯಲ್ಲಿ 'ತೆ' ಎಂಬ ಕಿರಿದಾದ ಕ್ರಿಯಾಪದವೊಂದಿದೆ. ಅದುಮು, ಗುರುತು ಮೂಡುವಂತೆ ಒತ್ತು ಎಂಬುದು ಅದರ ಅರ್ಥ. ಪುಸ್ತಕವನ್ನು ಅಚ್ಚು ಹಾಕುವುದಕ್ಕೆ ಆ ಭಾಷಿಕರು ಬಳಸುವುದು ಇದೇ ಪದವನ್ನು. 'ಇವೆ' ಎಂದರೆ ಪುಸ್ತಕ. 'ತೆವೆ' ಎಂದರೆ ಪುಸ್ತಕವನ್ನು ಒತ್ತು, ಅಂದರೆ ಮುದ್ರಿಸು. ಇಫಾ ದೈವದ ಪೂಜಾರಿಯಾದ ಬಬಲಾವೊ ತನ್ನ ಮುಂದಿರುವ ಹಲಗೆಯ ಪುಡಿಯಲ್ಲಿ ಶಕುನದ ಗೆರೆಗಳನ್ನು ಮೂಡಿಸುವುದಕ್ಕೂ ಇದೇ ಪದ. ಹೊಸಬನೊಬ್ಬನನ್ನು ಇಫಾ ಮಾರ್ಗಕ್ಕೆ ಸೇರಿಸಿಕೊಳ್ಳುವ ದೀಕ್ಷೆಯ ಹೆಸರು 'ಇತೆಫಾ'; ಬಿಡಿಸಿ ಹೇಳಿದರೆ, ಇಫಾವನ್ನು ಒತ್ತುವುದು. 'ಅಚ್ಚೊತ್ತು' ಎಂಬ ಮಾತನ್ನು ಕಾಗದಕ್ಕೂ ಮನಸ್ಸಿಗೂ ಸಮಾನವಾಗಿ ಬಳಸುವ ಕನ್ನಡದ ಓದುಗರಿಗೆ ಈ ಅರ್ಥವಿಸ್ತಾರ ಅಪರಿಚಿತವೆನಿಸಲಾರದು.

ಕಾಗದ, ಮಸಿ, ಲಿನೋಲಿಯಂ, ಸತುವಿನ ತಗಡು, ಒತ್ತುಯಂತ ಇವೆಲ್ಲ ಯೊರುಬಾ ನಾಡಿಗೆ ಹೊರಗಿನಿಂದ ಬಂದವು. ಆದ್ದರಿಂದ ಇಪ್ಪತ್ತನೆಯ ಶತಮಾನದ ನೈಜೀರಿಯದ ಮುದ್ರಣಚಿತ್ರಕಲೆಯನ್ನು ಕುರಿತ ಬರಹಗಳಲ್ಲಿ ಒಂದು ಸೂತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ತಂತ್ರ ಯುರೋಪಿನದು, ವಸ್ತು ಆಫ್ರಿಕದ್ದು. ಈ ಸೂತ್ರ ಅರ್ಧಸತ್ಯ. ಒತ್ತಿ ಮೂಡಿಸಿದ ಗುರುತಿಗೆ ಅಧಿಕಾರವಿದೆ, ಅದು ಮಾತನಾಡುತ್ತದೆ ಎಂಬ ಭಾವನೆ ಅಚ್ಚುಯಂತ್ರಕ್ಕಿಂತ ಬಹು ಹಿಂದಿನಿಂದಲೂ ಆ ಪರಂಪರೆಯೊಳಗೇ ಇದ್ದಿತು. ಈ ಪರಂಪರೆಯಿಂದ ಪ್ರೇರಣೆ ಪಡೆದ ಕಲಾವಿದರಲ್ಲಿ ಹೆಚ್ಚು ಮುಂದೆ ಸಾಗಿದವರು ದೈವಗಳ ರೂಪವನ್ನು ಕಾಗದದ ಮೇಲೆ ಚಿತ್ರಿಸಿದ್ದಕ್ಕೆ ನಿಲ್ಲಲಿಲ್ಲ. ಗುರುತು ಹುಟ್ಟುವ ಅಚ್ಚುಫಲಕದ ಕಡೆಗೇ ಮರಳಿದರು. ಈ ಚಲನೆಯನ್ನು ಅರಿಯಬೇಕಾದರೆ ಮೊದಲು ಇಫಾದ ಹಲಗೆಯನ್ನು ನೋಡಬೇಕಾಗುತ್ತದೆ.

ನೈಜೀರಿಯದ ನೈಋತ್ಯ ಭಾಗ, ಅದಕ್ಕೆ ತಾಗಿದ ಬೆನಿನ್ ಗಣರಾಜ್ಯ ಮತ್ತು ಟೋಗೊಗಳ ಕೆಲವು ಪ್ರದೇಶಗಳು ಯೊರುಬಾ ಜನರ ನೆಲೆ. ಇವರ ದೈವಗಳಿಗೆ ಒರಿಶಾ ಎಂದು ಹೆಸರು. ಸಿಡಿಲಿನ ಶಾಂಗೊ, ಕಬ್ಬಿಣದ ಒಗುನ್, ಹೊಳೆಯ ಓಶುನ್, ಮನುಷ್ಯದೇಹವನ್ನು ರೂಪಿಸುವ ಒಬಾತಾಲಾ, ದಾರಿಗಳು ಕೂಡುವಲ್ಲಿ ನಿಂತ ಎಶು ಮೊದಲಾದವರು ಇವರಲ್ಲಿ ಪ್ರಸಿದ್ಧರು. ಶಾಂಗೊ ಒಂದು ಕಾಲಕ್ಕೆ ಓಯೊ ನಗರದ ಅರಸನಾಗಿದ್ದನೆಂದು ಪರಂಪರೆ ಹೇಳುತ್ತದೆ. ಪೂರ್ವಜನಿಗೂ ದೈವಕ್ಕೂ ನಡುವಣ ಗೆರೆ ಇಲ್ಲಿ ತೀರ ತೆಳುವಾದುದು. ಇಫಾ ಈ ವ್ಯವಸ್ಥೆಯ ಜ್ಞಾನಕೋಶ. ಬಬಲಾವೊ ಹದಿನಾರು ತಾಳೆಬೀಜಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಸೆಳೆದುಕೊಳ್ಳುತ್ತಾನೆ. ಒಂದು ಬೀಜ ಉಳಿದರೆ ಎರಡು ಗೆರೆ, ಎರಡು ಉಳಿದರೆ ಒಂದು ಗೆರೆ. ಹೀಗೆ ಎಂಟು ಬಾರಿ ನಡೆದಾಗ ನಾಲ್ಕು ನಾಲ್ಕು ಗುರುತುಗಳ ಎರಡು ಸಾಲುಗಳು ಸಿದ್ಧವಾಗುತ್ತವೆ. ಸಾಧ್ಯವಿರುವ ಜೋಡಣೆಗಳು 256; ಒಂದೊಂದಕ್ಕೂ ಒದು ಎಂಬ ಹೆಸರು, ಒಂದೊಂದಕ್ಕೂ ಕಂಠಸ್ಥವಾದ ಪದ್ಯಗಳ ದೊಡ್ಡ ರಾಶಿ. ಯುನೆಸ್ಕೊ 2005ರಲ್ಲಿ ಇಫಾ ಪದ್ಧತಿಯನ್ನು ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿಗಳಲ್ಲೊಂದೆಂದು ಘೋಷಿಸಿತು.

ಗುರುತು ಮೂಡುವ ಬಗೆ ಇಲ್ಲಿ ಗಮನಾರ್ಹ. ಹಲಗೆಯ ಮೇಲೆ ಇಯೆರೊಸುನ್ ಎಂಬ ಹಳದಿ ಮಿಶ್ರಿತ ಪುಡಿಯನ್ನು ಹರಡಲಾಗಿರುತ್ತದೆ. ಇರೊಸುನ್ ಮರವನ್ನು ಗೆದ್ದಲು ಕೊರೆದಾಗ ಉದುರುವ ಹುಡಿ ಅದು. ಬಬಲಾವೊ ಬೆರಳಿನಿಂದ ಒತ್ತಿ ಪುಡಿಯನ್ನು ಸರಿಸಿದಾಗ ಅದರಡಿಯ ಮರ ಕಾಣಿಸಿಕೊಳ್ಳುತ್ತದೆ. ಕನ್ನಡದ ಓದುಗರಿಗೆ ರಂಗವಲ್ಲಿ ನೆನಪಾಗುವುದು ಸಹಜ. ಆದರೆ ಹೋಲಿಕೆ ಹೆಚ್ಚು ದೂರ ಸಾಗದು. ರಂಗವಲ್ಲಿಯಲ್ಲಿ ಪುಡಿಯೇ ಗೆರೆ. ಇಫಾದಲ್ಲಿ ಪುಡಿ ತೆರವಾದ ಜಾಗ ಗೆರೆ. ಲಿನೋಲಿಯಂ ಹಾಸನ್ನು ಉಳಿಯಿಂದ ಕೆತ್ತಿ ಬಿಳಿಯ ಗೆರೆಯನ್ನು ಬಿಡಿಸುವ ಕಲಾವಿದನ ಕೆಲಸಕ್ಕೂ ಇದಕ್ಕೂ ಇರುವ ಸಾದೃಶ್ಯ ಆಕಸ್ಮಿಕವಾದರೂ ಅರ್ಥಪೂರ್ಣವಾದುದು. ಹಲಗೆಯ ಅಂಚಿನಲ್ಲಿ ಕೆತ್ತನೆಯ ಪಟ್ಟಿ, ಮೇಲ್ಭಾಗದಲ್ಲಿ ಎಶುವಿನ ಮುಖ ಇರುತ್ತವೆ. ಉಳಿದುಬಂದ ಇಂತಹ ಹಲಗೆಗಳಲ್ಲಿ ಬಹಳ ಹಳೆಯದು ಜರ್ಮನಿಯ ಉಲ್ಮ್ ನಗರದ ಸಂಗ್ರಹಾಲಯದಲ್ಲಿದೆ. 1659ರ ಸಂಗ್ರಹಪಟ್ಟಿಯಲ್ಲಿ ಅದರ ಉಲ್ಲೇಖ ದೊರೆಯುತ್ತದೆ.

ಗೆರೆಗೆ ಯೊರುಬಾದಲ್ಲಿ 'ಇಲಾ' ಎಂದು ಹೆಸರು. ಮುಖದ ಮೇಲೆ ಕೊಯ್ದು ಮೂಡಿಸುತ್ತಿದ್ದ ಕುಲಚಿಹ್ನೆಗಳಿಗೂ ಅದೇ ಪದ. ಅಮೆರಿಕದ ಕಲಾ ಇತಿಹಾಸಕಾರ ರಾಬರ್ಟ್ ಫಾರಿಸ್ ಥಾಂಪ್ಸನ್ ಯೊರುಬಾ ಸೌಂದರ್ಯವಿಚಾರವನ್ನು ವಿವೇಚಿಸುವಾಗ ಗೆರೆಗೂ ನಾಗರಿಕತೆಗೂ ಆ ಭಾಷೆ ಕಲ್ಪಿಸುವ ನಂಟನ್ನು ಒತ್ತಿ ಹೇಳಿದ್ದರು: ಗೆರೆ ಬಿದ್ದ ನೆಲವೇ ಪಳಗಿದ ನೆಲ, ಗೆರೆ ಬಿದ್ದ ಮುಖವೇ ನಾಡಿಗೆ ಸೇರಿದ ಮುಖ.

ಬಟ್ಟೆಯ ಮೇಲಿನ ಗುರುತಿನ ಚರಿತ್ರೆ ಹೆಂಗಸರ ಚರಿತ್ರೆ. ಕಟ್ಟಿ ಬಣ್ಣದಲ್ಲಿ ಅದ್ದುವುದು ಎಂಬರ್ಥದ 'ಅದಿರೆ' ನೀಲಿಯ ಬಟ್ಟೆ ಅಬೆಒಕುಟಾ, ಇಬಾದಾನ್, ಒಶೋಗ್ಬೊ ನಗರಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಹುವಾಗಿ ಬೆಳೆಯಿತು. ಇದರಲ್ಲಿ 'ಅದಿರೆ ಎಲೆಕೊ' ಎಂಬ ಬಗೆ ಮುದ್ರಣಕ್ಕೆ ಹತ್ತಿರವಾದುದು. ಮರಗೆಣಸಿನ ಗಂಜಿಯನ್ನು ಕೋಳಿಗರಿಯಿಂದಲೋ ತಾಳೆಗರಿಯ ಕಡ್ಡಿಯಿಂದಲೋ ಬಟ್ಟೆಯ ಮೇಲೆ ಬರೆಯುತ್ತಾರೆ. ಅಬೆಒಕುಟಾದಲ್ಲಿ ತಗಡಿನ ಪಡಿಯಚ್ಚುಗಳ ಮೂಲಕ ಗಂಜಿಯನ್ನು ಒತ್ತುತ್ತಿದ್ದರು. ಚಹಾ ಪೆಟ್ಟಿಗೆಗಳ ಒಳಗಿನ ತೆಳುತಗಡನ್ನು ಕತ್ತರಿಸಿ ಆ ಅಚ್ಚುಗಳನ್ನು ಮಾಡುತ್ತಿದ್ದವರು ಗಂಡಸರು. ಬಟ್ಟೆ ನೀಲಿಯಲ್ಲಿ ಮುಳುಗೆದ್ದ ಮೇಲೆ ಗಂಜಿಯಿದ್ದ ಜಾಗ ತಿಳಿಯಾಗಿ ಉಳಿಯುತ್ತದೆ. ಬಣ್ಣದ ಮಡಕೆಗೆ ಈಯಾ ಮಾಪೊ ಎಂಬ ದೇವಿಯ ರಕ್ಷಣೆ ಇದೆಯೆಂದು ನಂಬುಗೆ. ಕಡಲ ದೈವವಾದ ಒಲೊಕುನ್‌ನ ಹೆಸರಿನ ವಿನ್ಯಾಸವೂ, ಇಬಾದಾನ್ ನಗರದ ಸೊಗಸನ್ನು ಹೆಸರಿನಲ್ಲೇ ಸಾರುವ 'ಇಬಾದಾಂದುನ್' ವಿನ್ಯಾಸವೂ ಇಲ್ಲಿ ಪ್ರಸಿದ್ಧ. ಇಂಗ್ಲೆಂಡಿನ ಐದನೆಯ ಜಾರ್ಜನ ಆಳ್ವಿಕೆಯ ರಜತೋತ್ಸವ 1935ರಲ್ಲಿ ನಡೆದಾಗ ರಾಜರಾಣಿಯರ ಚಿತ್ರವೂ ಅದಿರೆಯೊಳಗೆ ಸೇರಿತು. ವಸಾಹತು ದೊರೆಯನ್ನು ಕೂಡ ಗಂಜಿ, ನೀಲಿಗಳ ಭಾಷೆಗೆ ಇಳಿಸಿಕೊಂಡ ಈ ಹೆಂಗಸರ ಧೈರ್ಯಕ್ಕೆ ಕಲಾಚರಿತ್ರೆಯಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಮುದ್ರಣಚಿತ್ರಕಲೆಯನ್ನು ಕುರಿತ ಗ್ರಂಥಗಳು ಸಾಮಾನ್ಯವಾಗಿ 1960ರ ದಶಕದ ಶಿಬಿರಗಳಿಂದ ಆರಂಭವಾಗುತ್ತವೆ. ಆರಂಭವನ್ನು ಈ ಬಣ್ಣದ ಮಡಕೆಗಳ ಬಳಿ ಹುಡುಕುವುದು ಹೆಚ್ಚು ನ್ಯಾಯವಾದೀತು.

ಕಾಗದದ ಮೇಲಿನ ಮುದ್ರಣ ಬಂದ ದಾರಿ ಬೇರೆಯೇ. ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಹೆನ್ರಿ ಟೌನ್‌ಸೆಂಡ್ 1854ರಲ್ಲಿ ಅಬೆಒಕುಟಾದಲ್ಲಿ ಮುದ್ರಣಾಲಯವನ್ನು ತೆರೆದನು. 1859ರ ಡಿಸೆಂಬರ್‌ನಲ್ಲಿ ಅಲ್ಲಿಂದ 'ಇವೆ ಇರೊಹಿನ್' ಎಂಬ ಯೊರುಬಾ ಪತ್ರಿಕೆ ಹೊರಟಿತು. ಬೆಲೆ 120 ಕವಡೆ. 1867ರಲ್ಲಿ ಆ ನಗರದಲ್ಲಿ ಮಿಷನರಿಗಳ ವಿರುದ್ಧ ಎದ್ದ ಕ್ಷೋಭೆಯಲ್ಲಿ ಪತ್ರಿಕೆ ನಿಂತುಹೋಯಿತು. ಸ್ವತಃ ಯೊರುಬಾದವನೇ ಆದ ಬಿಷಪ್ ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್‌ನ ನೇತೃತ್ವದಲ್ಲಿ ಬೈಬಲ್ ಯೊರುಬಾಕ್ಕೆ ಬಂದಿತು. ಮುದ್ರಣಯಂತ್ರ ಈ ನಾಡಿಗೆ ಬಂದದ್ದು ಒರಿಶಾಗಳನ್ನು ಬಿಡಿಸುವ ಉದ್ದೇಶದಿಂದ ಎಂಬುದನ್ನು ಮರೆಯುವಂತಿಲ್ಲ. ಆದರೆ ಯಂತ್ರ ತಂದವರ ಉದ್ದೇಶಕ್ಕೆ ಯಂತ್ರ ಕಟ್ಟುಬಿದ್ದಿರುವುದಿಲ್ಲ. ಕ್ರೈಸ್ತನೇ ಆದ ಶಾಲಾಶಿಕ್ಷಕ ಡಿ. ಒ. ಫಾಗುನ್ವಾ 1938ರಲ್ಲಿ ಪ್ರಕಟಿಸಿದ ಯೊರುಬಾ ಕಾದಂಬರಿಯ ತುಂಬ ಭೂತಗಳೂ ಕಾಡಿನ ದೈವಗಳೂ ತುಂಬಿಕೊಂಡವು. ಮೂವತ್ತು ವರ್ಷಗಳ ಬಳಿಕ, 1968ರಲ್ಲಿ, ವೋಲೆ ಸೋಯಿಂಕಾ ಅದನ್ನು ಇಂಗ್ಲಿಷಿಗೆ ತಂದಾಗ ಚಿತ್ರಗಳನ್ನು ರಚಿಸಿದವರು ಮುದ್ರಣಚಿತ್ರಕಾರ ಬ್ರೂಸ್ ಓನೊಬ್ರಾಕ್ಪೆಯ. ಅವರ ವಿಷಯ ಮುಂದೆ ಬರುತ್ತದೆ.

ಒಶೋಗ್ಬೊ ಓಶುನ್ ಹೊಳೆಯ ದಡದ ಊರು. ಹೊಳೆಯ ದೇವಿಗೆ ಮೀಸಲಾದ ಬನ ಊರಿಗೆ ತಾಗಿಯೇ ಇದೆ. 2005ರಲ್ಲಿ ಅದು ವಿಶ್ವಪರಂಪರೆಯ ತಾಣವಾಯಿತು. ಜರ್ಮನಿಯಲ್ಲಿ ಹುಟ್ಟಿದ ಉಲಿ ಬೈಯರ್ ಮತ್ತು ಆಸ್ಟ್ರಿಯದ ಗ್ರಾಟ್ಸ್ ನಗರದ ಕಲಾವಿದೆ ಸುಸಾನ್ನೆ ವೆಂಗರ್ 1950ರಲ್ಲಿ ನೈಜೀರಿಯಕ್ಕೆ ಬಂದರು. ವೆಂಗರ್ ಒಬಾತಾಲಾ ಪಂಥದಲ್ಲಿ ದೀಕ್ಷೆ ಪಡೆದು, 2009ರಲ್ಲಿ ತೀರಿಕೊಳ್ಳುವವರೆಗೂ ಒಶೋಗ್ಬೊದಲ್ಲೇ ಉಳಿದರು. ಬನದ ಗುಡಿಗಳ ಪುನರ್ನಿರ್ಮಾಣದಲ್ಲಿ ಅವರದೂ ಸ್ಥಳೀಯ ಕುಶಲಕರ್ಮಿಗಳದೂ ಸಮಪಾಲು. ಗಂಜಿಯಿಂದ ಬರೆಯುವ ಅದಿರೆ ವಿಧಾನವನ್ನು ಅಲ್ಲಿನ ಹೆಂಗಸರಿಂದ ಕಲಿತು, ಒರಿಶಾ ಕಥನಗಳನ್ನು ದೊಡ್ಡ ದೊಡ್ಡ ಬಟ್ಟೆಗಳ ಮೇಲೆ ಅವರು ಮೂಡಿಸಿದರು.

ಬೈಯರ್ ದುಡಿದದ್ದು ಬೇರೊಂದು ದಿಕ್ಕಿನಲ್ಲಿ. 1961ರಲ್ಲಿ ಇಬಾದಾನಿನಲ್ಲಿ ಲೇಖಕ ಕಲಾವಿದರ ಎಂಬಾರಿ ಕ್ಲಬ್ ಹುಟ್ಟಿತು. ಮರುವರ್ಷ ಒಶೋಗ್ಬೊದಲ್ಲಿ ನಾಟಕಕಾರ ದೂರೊ ಲಾದಿಪೊ ತಮ್ಮ ಜಾಗವನ್ನು ಬಿಟ್ಟುಕೊಟ್ಟು ಅದೇ ಬಗೆಯ ಕೇಂದ್ರವೊಂದು ಆರಂಭವಾದಾಗ, ಇಗ್ಬೊ ಭಾಷೆಯ 'ಎಂಬಾರಿ' ಪದ ಊರವರ ಬಾಯಲ್ಲಿ 'ಎಂಬಾರಿ ಎಂಬಾಯೊ' ಆಯಿತು. ಕಂಡರೆ ಸಂತೋಷಪಟ್ಟೇವು ಎಂಬುದು ಯೊರುಬಾದಲ್ಲಿ ಅದರ ಅರ್ಥ. ಗಯಾನಾ ಮೂಲದ ಡೆನಿಸ್ ವಿಲಿಯಮ್ಸ್ ಇಲ್ಲಿ ಮೊದಲ ಕಲಾ ಶಿಬಿರಗಳನ್ನು ನಡೆಸಿದರು. 1964ರ ಶಿಬಿರವನ್ನು ನಡೆಸಿದವರು ಜಾರ್ಜಿನಾ. ಅವರು ಮುಂದೆ ಬೈಯರ್ ಅವರನ್ನು ಮದುವೆಯಾದರು. ಶಿಬಿರಗಳಿಗೆ ಬಂದವರಲ್ಲಿ ಹಲವರು ಲಾದಿಪೊ ಅವರ ನಾಟಕ ತಂಡದ ನಟರು, ನರ್ತಕರು, ಡೋಲು ಬಾರಿಸುವವರು. ಅವರಲ್ಲಿ ಯಾರೂ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಗ ತಂಡ ಆಡುತ್ತಿದ್ದುದು 'ಓಬಾ ಕೊಸೊ'; ಅರಸ ನೇಣು ಹಾಕಿಕೊಳ್ಳಲಿಲ್ಲ ಎಂಬರ್ಥದ ಆ ನಾಟಕ ಶಾಂಗೊವಿನ ಕಥೆ. ರಾತ್ರಿ ರಂಗದ ಮೇಲೆ ಸಿಡಿಲಿನ ದೈವದೊಡನೆ ಕುಣಿದವರು ಹಗಲಿನಲ್ಲಿ ಲಿನೋಲಿಯಂ ಕೊರೆಯುತ್ತಿದ್ದರೆಂಬುದನ್ನು ನೆನಪಿಟ್ಟುಕೊಂಡರೆ ಆ ಚಿತ್ರಗಳ ಬಿರುಸು ಅರ್ಥವಾಗುತ್ತದೆ.

ಜೇಕಬ್ ಅಫೊಲಾಬಿ, ರೂಫಸ್ ಒಗುಂದೆಲೆ, ಅದೆಬಿಸಿ ಫಾಬುನ್ಮಿ ಈ ಗುಂಪಿನ ಲಿನೋ ಕೆತ್ತನೆಗಾರರಲ್ಲಿ ಮುಖ್ಯರು. ಲಿನೋಲಿಯಂ ನೆಲಕ್ಕೆ ಹಾಸುವ ಅಗ್ಗದ ಸರಕು. ಅದಕ್ಕೆ ಯಂತ್ರವೂ ಬೇಡ, ಚಮಚದ ಬೆನ್ನಿನಿಂದ ಉಜ್ಜಿದರೂ ಪ್ರತಿ ಬರುತ್ತದೆ. ಅಗಲವಾದ ಕಪ್ಪು ಹರವುಗಳು, ಚೌಕಟ್ಟಿನ ಅಂಚಿನವರೆಗೂ ಒತ್ತರಿಸಿಕೊಂಡ ಮೈಗಳು, ಉಬ್ಬಿದ ಕಣ್ಣುಗಳು ಇವರ ಶೈಲಿಯ ಲಕ್ಷಣ. ಒಗುಂದೆಲೆ ಎಂಬ ಹೆಸರಿನೊಳಗೇ ಕಬ್ಬಿಣದ ದೈವ ಒಗುನ್ ಇದ್ದಾನೆ. ಕೊರೆಯುವ ಅಲಗು ಒಗುನ್‌ನ ಆಯುಧ. ಮರಕೆತ್ತುವವರು, ಕಮ್ಮಾರರು, ಬೇಟೆಗಾರರು ಅವನ ಒಕ್ಕಲು.

ಇವರಲ್ಲಿ ಲೋಕಪ್ರಸಿದ್ಧರಾದವರು ಟ್ವಿನ್ಸ್ ಸೆವೆನ್ ಸೆವೆನ್ ಎಂಬ ವಿಚಿತ್ರ ಹೆಸರಿನ ಕಲಾವಿದ. ಏಳು ಬಾರಿ ಹುಟ್ಟಿದ ಅವಳಿಗಳಲ್ಲಿ ಬದುಕಿ ಉಳಿದವನು ತಾನೊಬ್ಬನೇ ಎಂಬುದು ಹೆಸರಿನ ಹಿಂದಿನ ಕಥೆ. ಔಷಧ ಮಾರುವ ತಂಡವೊಂದರ ನರ್ತಕನಾಗಿ ಒಶೋಗ್ಬೊಗೆ ಬಂದ ಅವರಿಗೆ ಡಚ್ ಮುದ್ರಣಚಿತ್ರಕಾರ ರೂ ವಾನ್ ರೋಸೆಮ್ ಎಚಿಂಗ್ ವಿಧಾನವನ್ನು, ಅಂದರೆ ಮೇಣ ಸವರಿದ ಲೋಹದ ತಗಡನ್ನು ಸೂಜಿಯಿಂದ ಗೀಚಿ ಆಮ್ಲದಿಂದ ಕೊರೆಯಿಸುವುದನ್ನು ಪರಿಚಯಿಸಿದರು. ಸೂಜಿಗೆರೆ ಅವರ ಕೈಗೆ ಒಗ್ಗಿತು. ಒಂದು ಪ್ರಾಣಿಯ ಹೊಟ್ಟೆಯೊಳಗೆ ಇನ್ನೊಂದು, ಅದರ ಬಾಲದಲ್ಲಿ ಮತ್ತೊಂದು ಮುಖ ಹೀಗೆ ಬೆಳೆಯುವ ಅವರ ಚಿತ್ರಗಳಿಗೆ ಆಮೊಸ್ ಟುಟುವೊಲಾ ಅವರ ಕಾಡುಭೂತಗಳ ಕಥೆಗಳೂ ಪ್ರೇರಣೆ. 2005ರಲ್ಲಿ ಯುನೆಸ್ಕೊ ಅವರನ್ನು ಶಾಂತಿಯ ಕಲಾವಿದ ಎಂದು ಗೌರವಿಸಿತು. 2011ರಲ್ಲಿ ಅವರು ನಿಧನರಾದರು.

ಪ್ರಾಸಂಗಿಕವಾಗಿ ಒಂದು ಮಾತು. ಉಲಿ ಮತ್ತು ಜಾರ್ಜಿನಾ ಬೈಯರ್ ಅವರ ಮಗ ತುಂಜಿ ಬೈಯರ್ ಯೊರುಬಾ ಡೋಲುಗಳ ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ಟಿ. ಎ. ಎಸ್. ಮಣಿ ಅವರಲ್ಲಿ ಕರ್ನಾಟಕ ಸಂಗೀತದ ತಾಳವಾದ್ಯವನ್ನು ಕಲಿತವರು. ಒಶೋಗ್ಬೊದ ಚರಿತ್ರೆಗೆ ಕನ್ನಡ ನಾಡಿನಿಂದ ಇರುವ ಎಳೆ ಚಿತ್ರದ್ದಲ್ಲ, ತಾಳದ್ದು.

ಒಶೋಗ್ಬೊ ಚಿತ್ರಗಳ ಮೇಲಿನ ಆಕ್ಷೇಪ ಹಗುರವಾದುದಲ್ಲ. ಯುರೋಪಿನ ದಂಪತಿಗಳ ಆಯ್ಕೆ ಮತ್ತು ಮೆಚ್ಚುಗೆಯ ನೆರಳಿನಲ್ಲಿ ಬೆಳೆದ ಕಲೆ ಇದು. ಕೊಂಡವರು ಹೆಚ್ಚಾಗಿ ಪರದೇಶದವರು. ಕಲಾಶಿಕ್ಷಣವಿಲ್ಲದಿರುವುದನ್ನೇ ಒಂದು ಗುಣವೆಂದು ಮೆರೆಸಲಾಯಿತು ಎಂದು ನೈಜೀರಿಯದ ವಿಶ್ವವಿದ್ಯಾಲಯಗಳಲ್ಲಿ ಕಲಿತ ಕಲಾವಿದರೂ ವಿಮರ್ಶಕರೂ ಟೀಕಿಸಿದರು. ಕೆಲವೇ ದಿನಗಳ ಶಿಬಿರಗಳಿಂದ ಒಂದು 'ಪಂಥ' ಹುಟ್ಟಿತೆಂಬ ವರ್ಣನೆಯಲ್ಲಿ ಉತ್ಪ್ರೇಕ್ಷೆ ಇರುವುದು ನಿಜ. ಮುಂದಿನ ದಶಕಗಳಲ್ಲಿ ಪ್ರವಾಸಿಗರಿಗಾಗಿ ಅದೇ ಶೈಲಿಯ ಪುನರಾವರ್ತನೆ ನಡೆದದ್ದೂ ನಿಜ. ಆದರೆ ಟೀಕೆ ಒಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶಿಬಿರಕ್ಕೆ ಬಂದವರು ಬರಿಗೈಯಲ್ಲಿ ಬಂದವರಾಗಿರಲಿಲ್ಲ. ಹಾಡು, ಕುಣಿತ, ದೈವಗಳ ಬಿರುದಾವಳಿ ಅವರ ಮೈಯಲ್ಲಿದ್ದವು. ಶಿಬಿರ ಕೊಟ್ಟದ್ದು ಉಳಿ ಮತ್ತು ಮಸಿಯನ್ನು ಮಾತ್ರ.

ಆಕ್ಷೇಪಕ್ಕೆ ಕೃತಿಯ ಮೂಲಕವೇ ಉತ್ತರ ದೊರೆಯುವುದು ಓನೊಬ್ರಾಕ್ಪೆಯ ಅವರಲ್ಲಿ. ಮೊದಲಿಗೇ ಒಂದು ಸ್ಪಷ್ಟನೆ ಅಗತ್ಯ: ಅವರು ಯೊರುಬಾದವರಲ್ಲ. 1932ರಲ್ಲಿ ನೈಜರ್ ನದಿಯ ಮುಖಜಭೂಮಿಯ ಅಗ್ಬಾರಾ ಒಟೊರ್‌ನಲ್ಲಿ ಹುಟ್ಟಿದ ಉರ್ಹೊಬೊ ಜನಾಂಗದವರು. ಬೆಳೆದದ್ದು ಬೆನಿನ್ ನಗರದಲ್ಲಿ, ದುಡಿದದ್ದು ಬಹುಪಾಲು ಯೊರುಬಾ ನಾಡಿನ ಲಾಗೋಸ್‌ನಲ್ಲಿ. ಅವರ ಚಿತ್ರಗಳಲ್ಲಿ ಈ ಮೂರೂ ಪರಂಪರೆಗಳು ಕೂಡಿಕೊಂಡಿವೆ. ಉತ್ತರದ ಜಾರಿಯಾ ಕಲಾಶಾಲೆಯಲ್ಲಿ ಕಲಿಯುತ್ತಿದ್ದಾಗ, ಯುರೋಪಿನ ಪಠ್ಯಕ್ರಮದ ವಿರುದ್ಧ 1958ರಲ್ಲಿ ಒಟ್ಟುಗೂಡಿದ ವಿದ್ಯಾರ್ಥಿಗಳ ಜಾರಿಯಾ ಆರ್ಟ್ ಸೊಸೈಟಿಯಲ್ಲಿ ಅವರೂ ಒಬ್ಬರು. ದೇಶೀ ಪರಂಪರೆಯ ಸತ್ವವನ್ನೂ ಹೊರಗಿನಿಂದ ಬಂದ ವಿಧಾನಗಳ ಉಪಯುಕ್ತ ಅಂಶವನ್ನೂ ಸಹಜವಾಗಿ ಬೆಸೆಯಬೇಕೆಂಬುದು ಆ ಗುಂಪಿನ ಚಿಂತಕ ಉಚೆ ಒಕೆಕೆ 1960ರಲ್ಲಿ ಮಂಡಿಸಿದ ತತ್ತ್ವ. 1960ರ ದಶಕದ ಮೊದಲ ವರ್ಷಗಳಲ್ಲಿ ಇಬಾದಾನ್, ಒಶೋಗ್ಬೊಗಳ ಮುದ್ರಣ ಶಿಬಿರಗಳಿಗೆ ಬಂದ ಓನೊಬ್ರಾಕ್ಪೆಯ ಅಲ್ಲಿ ವಾನ್ ರೋಸೆಮ್ ಅವರಿಂದ ಎಚಿಂಗ್ ಕಲಿತರು. ಬಳಿಕ ಲಾಗೋಸ್‌ನ ಸೇಂಟ್ ಗ್ರೆಗರೀಸ್ ಕಾಲೇಜಿನಲ್ಲಿ 1980ರವರೆಗೆ ಕಲಾಶಿಕ್ಷಕರಾಗಿದ್ದರು.

1967ರಲ್ಲಿ ನಡೆದ ಒಂದು ತಪ್ಪು ಅವರ ಕಲೆಯ ದಿಕ್ಕನ್ನೇ ಬದಲಿಸಿತು. ಎಚಿಂಗ್‌ಗಾಗಿ ಸತುವಿನ ತಗಡನ್ನು ಕೊರೆಯಿಸುವಾಗ ಬೇಕಾದ ಆಮ್ಲದ ಬದಲು ಹೈಡ್ರೊಕ್ಲೋರಿಕ್ ಆಮ್ಲವನ್ನು ಬಳಸಿಬಿಟ್ಟರು. ಆಮ್ಲ ತಗಡನ್ನು ಅತಿಯಾಗಿ ತಿಂದುಹಾಕಿತು. ಕೆಟ್ಟುಹೋದ ಆ ತಗಡನ್ನು ಎಸೆಯದೆ, ಗಟ್ಟಿಯಾಗಿ ಕೂರುವ ಅರಾಲ್ಡೈಟ್ ಅಂಟಿನಿಂದ ರಿಪೇರಿ ಮಾಡಿ ಮುದ್ರಿಸಿದಾಗ ಅವರು ನಿರೀಕ್ಷಿಸದ ಆಳವಾದ ಉಬ್ಬುತಗ್ಗುಗಳು ಕಾಗದದ ಮೇಲೆ ಎದ್ದು ಬಂದವು. ಇದರಿಂದ ಬೆಳೆದ ವಿಧಾನವನ್ನು ಅವರು ಪ್ಲಾಸ್ಟೊಗ್ರಾಫ್ ಎಂದು ಕರೆದರು. ಅಂಟಿನ ಪದರದಲ್ಲಿ ಗೆರೆ ಕೊರೆದು ಫಲಕ ತಯಾರಿಸುವುದು, ಅದರ ಮೇಲೆ ದಪ್ಪ ಕಾಗದವನ್ನು ಬಿಗಿಯಾಗಿ ಒತ್ತುವುದು ಇದರ ಕ್ರಮ. ಪ್ರತಿಯನ್ನು ಓರೆಬೆಳಕಿನಲ್ಲಿ ಹಿಡಿದರೆ ಕಾಗದವೇ ಕೆತ್ತನೆಯಂತೆ ಕಾಣುತ್ತದೆ.

ಆ ಮೇಲಿನ ಹೆಜ್ಜೆ ಇನ್ನೂ ಮುಖ್ಯವಾದುದು. ಮುದ್ರಣಚಿತ್ರಕಲೆಯ ರೂಢಿಯಂತೆ ಫಲಕ ಸಾಧನ, ಪ್ರತಿ ಕೃತಿ. ನಿಗದಿತ ಸಂಖ್ಯೆಯ ಪ್ರತಿಗಳಾದ ಮೇಲೆ ಫಲಕಕ್ಕೆ ಅಡ್ಡಗೆರೆ ಎಳೆದು ರದ್ದುಮಾಡುವುದು ಸಂಪ್ರದಾಯ. ಓನೊಬ್ರಾಕ್ಪೆಯ ಈ ಕ್ರಮವನ್ನು ತಿರುವುಮುರುವು ಮಾಡಿದರು. ಮಸಿ ಹತ್ತಿದ ಲಿನೋ ಫಲಕಗಳನ್ನೇ ಹಲಗೆಗೆ ಅಂಟಿಸಿ, ಅಂಟನ್ನು ತುಂಬಿ, ಕಂಚಿನ ಬಣ್ಣ ಕೊಟ್ಟು ಉಬ್ಬುಶಿಲ್ಪಗಳಾಗಿ ಪ್ರದರ್ಶಿಸಿದರು. ತೆಳುವಾದ ತಾಮ್ರದ ಹಾಳೆಯನ್ನು ಫಲಕದ ಮೇಲೆ ಒತ್ತಿ ಲೋಹದಲ್ಲೇ ಪ್ರತಿ ತೆಗೆದರು. ಮುಂದೆ ಇಂಥ ಫಲಕಗಳು, ಲೋಹದ ಹಾಳೆಗಳು, ಕಂಬಗಳು ಕೂಡಿ ದೈವಸ್ಥಾನಗಳನ್ನು ನೆನಪಿಸುವ ದೊಡ್ಡ ರಚನೆಗಳಾದವು. ಇಫಾದ ಹಲಗೆಯನ್ನು ಪುಡಿಯ ಮೇಲಣ ಗೆರೆ ಅಳಿದ ಮೇಲೂ ಜೋಪಾನವಾಗಿ ಎತ್ತಿಡುವ ಪರಂಪರೆಯ ಹಿನ್ನೆಲೆಯಲ್ಲಿ ನೋಡಿದರೆ, ಫಲಕಕ್ಕೆ ದೊರೆತ ಈ ಮನ್ನಣೆ ಬರಿಯ ತಾಂತ್ರಿಕ ಚಮತ್ಕಾರವಾಗಿ ತೋರುವುದಿಲ್ಲ. 1969ರಲ್ಲಿ ಅವರು ಪ್ರಕಟಿಸಿದ, ಕ್ರಿಸ್ತನ ಶಿಲುಬೆಯಾತ್ರೆಯ ಹದಿನಾಲ್ಕು ಲಿನೋ ಚಿತ್ರಗಳಲ್ಲಿ ಬಟ್ಟೆಗಳ ಮೇಲೂ ಹಿನ್ನೆಲೆಯಲ್ಲೂ ಅದಿರೆಯನ್ನು ಹೋಲುವ ವಿನ್ಯಾಸಗಳಿವೆ. ಮಿಷನರಿಗಳ ಮುದ್ರಣಯಂತ್ರ ತಂದ ಕಥೆಯನ್ನು ಬಣ್ಣದ ಮಡಕೆಯ ಹೆಂಗಸರ ಗೆರೆಗಳು ಸುತ್ತುವರಿದ ಬಗೆ ಇದು. ಪೂರ್ವಜರ ಚಿಹ್ನೆಗಳನ್ನು ಆಧರಿಸಿ ಇಬಿಯೆಬೆ ಎಂಬ ಲಿಪಿಯನ್ನೂ ಅವರು ರೂಪಿಸಿದರು. 1998ರಲ್ಲಿ ತಮ್ಮ ಹುಟ್ಟೂರಿನಲ್ಲಿ ಅವರು ಆರಂಭಿಸಿದ ಹರ್ಮಟ್ಟನ್ ಶಿಬಿರ ಅನೇಕ ಕಿರಿಯ ಮುದ್ರಣಚಿತ್ರಕಾರರನ್ನು ತಯಾರು ಮಾಡಿತು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಓಯೊ ಸಾಮ್ರಾಜ್ಯ ಕುಸಿದು, ಯುದ್ಧಗಳಲ್ಲಿ ಸೆರೆಸಿಕ್ಕ ಅಸಂಖ್ಯ ಜನ ಅಟ್ಲಾಂಟಿಕ್‌ನ ಆಚೆಗೆ ಗುಲಾಮರಾಗಿ ಸಾಗಿಹೋದರು. ಬ್ರೆಜಿಲಿನಲ್ಲಿ ಅವರಿಗೆ ನಾಗೊ ಎಂದೂ ಕ್ಯೂಬಾದಲ್ಲಿ ಲುಕುಮಿ ಎಂದೂ ಹೆಸರಾಯಿತು. ಒರಿಶಾಗಳೂ ಅವರೊಂದಿಗೆ ಹೋದವು. ಬ್ರೆಜಿಲಿನ ಬಾಯಿಯಾ ಪ್ರಾಂತದಲ್ಲಿ ಈ ಪರಂಪರೆ ಮುದ್ರಣಚಿತ್ರಕಲೆಗೆ ಇಬ್ಬರು ದೊಡ್ಡವರನ್ನು ಕೊಟ್ಟಿತು. ಸಾಲ್ವಡೋರ್ ನಗರದ ರುಬೆಂ ವಾಲೆಂಚಿಂ (1922-1991) ದೈವಗಳ ಮುಖವನ್ನು ಚಿತ್ರಿಸದೆ ಅವುಗಳ ಲಾಂಛನಗಳನ್ನು ಆರಿಸಿಕೊಂಡರು: ಶಾಂಗೊವಿನ ಜೋಡಿಗೊಡಲಿ, ಬೇಟೆಯ ದೈವದ ಬಿಲ್ಲುಬಾಣ, ಒಬಾತಾಲಾನ ದಂಡ. ಇವನ್ನು ಕಟ್ಟುನಿಟ್ಟಾದ ಜ್ಯಾಮಿತಿಗೆ ಇಳಿಸಿ ವರ್ಣಚಿತ್ರಗಳನ್ನೂ ಪರದೆಮುದ್ರಣದ ಚಿತ್ರಗಳನ್ನೂ ರಚಿಸಿದರು. 1976ರಲ್ಲಿ ಬರೆದ ಪ್ರಣಾಳಿಕೆಯಲ್ಲಿ ತಮ್ಮ ಭಾಷೆಗೆ ಅವರು ಆರಿಸಿಕೊಂಡ ಪದ 'ರಿಸ್ಕಡೂರ', ಅಂದರೆ ಗೀಚುಗೆರೆ. ಅಲ್ಲಿನ ಪೂಜೆಗಳಲ್ಲಿ ದೈವವನ್ನು ಕರೆಯಲು ನೆಲದ ಮೇಲೆ ಸೀಮೆಸುಣ್ಣದಿಂದ ಎಳೆಯುವ ಚಿಹ್ನೆಗಳಿಗೂ ಈ ಪದದ ಮೂಲಕ್ಕೂ ಸಂಬಂಧವಿದೆ. ಸಮುದ್ರ ದಾಟಿದ ಮೇಲೂ ಗೆರೆಯ ಅಧಿಕಾರ ಕುಗ್ಗಿರಲಿಲ್ಲ.

ಎಮಾನೊಯೆಲ್ ಅರಾವುಜೊ (1940-2022) ಬಾಯಿಯಾದ ಸಾಂತೊ ಅಮಾರೊದವರು. ಬಾಲ್ಯದಲ್ಲೇ ಊರಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಿನ ಕೆಲಸ ಕಲಿತು, ಮರಕೆತ್ತನೆಯ ಮುದ್ರಣಚಿತ್ರಕಾರರಾಗಿ ಹೆಸರಾದರು. 1972ರಲ್ಲಿ ಇಟಲಿಯ ಫ್ಲಾರೆನ್ಸ್‌ನ ಗ್ರಾಫಿಕ್ ಕಲಾ ದ್ವೈವಾರ್ಷಿಕದಲ್ಲಿ ಅವರಿಗೆ ಚಿನ್ನದ ಪದಕ ಬಂದಿತು. ಅಲ್ಲಿಂದ ಮುಂದಿನ ಅವರ ಹಾದಿ ಕುತೂಹಲಕರ. ಮುದ್ರಿತ ಕಾಗದವನ್ನು ಕತ್ತರಿಸಿ ಮಡಚಿ ಎದ್ದು ನಿಲ್ಲಿಸಿದರು. ಬಳಿಕ ಕಾಗದವನ್ನೇ ಬಿಟ್ಟು ಮರದ ಉಬ್ಬುರಚನೆಗಳಿಗೆ, ಲೋಹದ ಶಿಲ್ಪಗಳಿಗೆ ಸಾಗಿದರು. ಓನೊಬ್ರಾಕ್ಪೆಯ ಹಿಡಿದದ್ದೂ ಇದೇ ದಿಕ್ಕನ್ನು. ಸಾವಿರಾರು ಮೈಲಿ ಅಂತರದ ಈ ಇಬ್ಬರು ಒಂದೇ ನಿಲುವಿಗೆ ಬಂದುದಕ್ಕೆ ಪರಂಪರೆಯೊಳಗಿನ ಕಾರಣವಿದೆ ಎಂದು ಭಾವಿಸುವುದು ಯುಕ್ತ: ಒರಿಶಾ ನೆಲೆಸುವುದು ವಸ್ತುವಿನಲ್ಲಿ, ಕಲ್ಲು ಮರ ಕಬ್ಬಿಣಗಳಲ್ಲಿ; ಬಿಂಬವೊಂದೇ ಅದಕ್ಕೆ ಸಾಲದು. ಅರಾವುಜೊ 2004ರಲ್ಲಿ ಸಾವೊ ಪಾಲೊದಲ್ಲಿ ಆಫ್ರೊ ಬ್ರೆಜಿಲ್ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಅಮೆರಿಕದಲ್ಲಿ 1968ರಲ್ಲಿ ಶಿಕಾಗೊದಲ್ಲಿ ಹುಟ್ಟಿದ ಆಫ್ರಿಕೋಬ್ರಾ ಗುಂಪು ಬಡವರೂ ಕೊಳ್ಳಬಹುದಾದ ಪರದೆಮುದ್ರಣಗಳನ್ನು ಹೊರತಂದಿತು. ಅದರ ನೇತಾರ ಜೆಫ್ ಡೊನಾಲ್ಡ್‌ಸನ್ ಶಾಂಗೊವಿನ ಹ‍ೆಂಡಿರನ್ನು ಬಂದೂಕಿನ ಗುಂಡುಗಳ ಪಟ್ಟಿ ತೊಟ್ಟ ಕಪ್ಪು ತರುಣಿಯರಾಗಿ ಚಿತ್ರಿಸಿದರು.

ಕ್ಯೂಬಾದ ಬೆಲ್ಕಿಸ್ ಅಯೋನ್ (1967-1999) ಅವರನ್ನು ಯೊರುಬಾ ಪರಂಪರೆಯ ಕಲಾವಿದೆಯೆಂದು ಹಲವೆಡೆ ಬರೆಯಲಾಗುತ್ತದೆ. ಇದು ತಿದ್ದಬೇಕಾದ ತಪ್ಪು. ಅವರು ಚಿತ್ರಿಸಿದ ಅಬಕುವಾ 1836ರ ಸುಮಾರಿಗೆ ಹವಾನಾ ಬಳಿ ಸಂಘಟಿತವಾದ ಗಂಡಸರ ಗುಪ್ತಸಂಘ. ಅದರ ಮೂಲ ಯೊರುಬಾ ನಾಡಿನಲ್ಲಿಲ್ಲ, ಈಗಿನ ನೈಜೀರಿಯ ಮತ್ತು ಕ್ಯಾಮರೂನ್‌ಗಳ ಗಡಿಯ ಕ್ರಾಸ್ ನದಿಯ ಪ್ರದೇಶದಲ್ಲಿದೆ. ಆದರೂ ಈ ಲೇಖನದ ಪ್ರಶ್ನೆ ಅವರಲ್ಲಿ ತೀಕ್ಷ್ಣವಾಗಿ ಕಾಣುವುದರಿಂದ ಅವರನ್ನು ಬಿಡುವಂತಿಲ್ಲ. ರಟ್ಟಿನ ಮೇಲೆ ಬಗೆಬಗೆಯ ಕಾಗದದ ಚೂರುಗಳನ್ನೂ ಒರಟು ಪುಡಿಯನ್ನೂ ಅಂಟಿಸಿ ಫಲಕ ಮಾಡುವ ಕೊಲೊಗ್ರಾಫ್ ಅವರ ವಿಧಾನ. ಹಲವು ಹಾಳೆಗಳನ್ನು ಜೋಡಿಸಿದ ಆಳೆತ್ತರದ, ಕಪ್ಪು ಬಿಳಿ ಬೂದುಗಳ ಚಿತ್ರಗಳು. ಸಂಘದ ರಹಸ್ಯವನ್ನು ಮೊದಲು ಕಂಡು, ಅದಕ್ಕಾಗಿ ಬಲಿಯಾದ ಸಿಕಾನ್ ಎಂಬ ಹೆಣ್ಣು ಅವರ ನಾಯಕಿ. ಅಯೋನರ ಆಕೃತಿಗಳಿಗೆ ಕಣ್ಣುಗಳಿವೆ, ಬಾಯಿಯಿಲ್ಲ.

ಮುದ್ರಣವೆಂದರೆ ಹಲವಾಗಿಸುವುದು. ದೀಕ್ಷೆಯೆಂದರೆ ಕೆಲವರಿಗೆ ಮಾತ್ರ ತಿಳಿಸುವುದು. ಹೆಂಗಸರಿಗೆ ಪ್ರವೇಶವಿಲ್ಲದ ಸಂಘದ ಗುಟ್ಟನ್ನು ಹೆಣ್ಣೊಬ್ಬಳು ಅಚ್ಚುಹಾಕಿ ಹಂಚಿದಾಗ ಈ ವಿರೋಧ ಮರೆಯಾಗದು. ಅಯೋನ್ ಅದನ್ನು ಮೌನದಿಂದ ನಿಭಾಯಿಸಿದರು. ಹಲವಾಗಿಸುವುದರ ಬಗ್ಗೆ ಯೊರುಬಾ ಪರಂಪರೆಗೆ ಭಯವಿರಲಿಲ್ಲ ಎಂಬುದಕ್ಕೆ ಬೇರೊಂದು ಸಾಕ್ಷ್ಯ ಫೋಟೊ ಸ್ಟುಡಿಯೋಗಳಿಂದ ಬರುತ್ತದೆ. ಅವಳಿ ಮಕ್ಕಳ ಜನನ ಬಹಳ ಹೆಚ್ಚಿರುವ ಈ ಜನರಲ್ಲಿ ಅವಳಿಗಳಲ್ಲೊಬ್ಬರು ತೀರಿಕೊಂಡರೆ 'ಇಬೆಜಿ' ಎಂಬ ಮರದ ಬೊಂಬೆಯನ್ನು ಕೆತ್ತಿಸಿ, ಅದಕ್ಕೆ ಉಣಿಸಿ ಮೀಯಿಸಿ ಸಾಕುವ ವಾಡಿಕೆಯಿತ್ತು. ಇಲಾ ಒರಂಗುನ್ ಪಟ್ಟಣದಲ್ಲಿ ಅಧ್ಯಯನ ನಡೆಸಿದ ಸ್ಟೀಫನ್ ಸ್ಪ್ರೇಗ್ 1978ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೆಲವೆಡೆ ಬೊಂಬೆಯ ಜಾಗಕ್ಕೆ ಛಾಯಾಚಿತ್ರ ಬಂದುದನ್ನು ದಾಖಲಿಸಿದರು. ಬದುಕಿರುವ ಮಗುವಿನ ಒಂದೇ ನೆಗೆಟಿವ್ ಅನ್ನು ಒಂದೇ ಕಾಗದದ ಮೇಲೆ ಅಕ್ಕಪಕ್ಕ ಎರಡು ಬಾರಿ ಮುದ್ರಿಸುತ್ತಿದ್ದರು. ಸತ್ತದ್ದು ಹೆಣ್ಣು, ಉಳಿದದ್ದು ಗಂಡು ಆಗಿದ್ದರೆ ಅದೇ ಮಗುವಿಗೆ ಹೆಣ್ಣುಡುಗೆ ತೊಡಿಸಿ ಇನ್ನೊಂದು ಚಿತ್ರ ತೆಗೆದು ಜೋಡಿಸುತ್ತಿದ್ದರು. ಇಲ್ಲಿ ಎರಡನೆಯ ಪ್ರತಿ ನಕಲಲ್ಲ. ಅದು ತೀರಿಹೋದವರ ಇರವು.

ಹಲವಾಗಿಸುವುದರ ಇನ್ನೊಂದು ಮುಖ ಇಂದು ಅಬೆಒಕುಟಾದ ಇಟೊಕು ಮಾರುಕಟ್ಟೆಯಲ್ಲಿದೆ. ಒಶೋಗ್ಬೊದಲ್ಲಿ 1983ರಲ್ಲಿ ಕಲಾಕೇಂದ್ರ ತೆರೆದ ನೈಕೆ ಒಕುಂದಾಯೆ ಮುಂತಾದವರು ಅದಿರೆಯ ಕೈಬರಹವನ್ನು ನೂರಾರು ತರುಣತರುಣಿಯರಿಗೆ ಕಲಿಸಿದರೂ, ಹೊರದೇಶದ ಕಾರ್ಖಾನೆಗಳಲ್ಲಿ ಯಂತ್ರದಿಂದ ಮುದ್ರಿಸಿದ ಅದಿರೆ ನಕಲುಗಳು ಅಗ್ಗದ ಬೆಲೆಗೆ ಬಂದು ರಾಶಿಬಿದ್ದಿವೆ. ಅವುಗಳಲ್ಲಿ ಗಂಜಿ ಬಿರುಕುಬಿಟ್ಟಾಗ ಮೂಡುವ ನೀಲಿಯ ಎಳೆಗಳು ಕೂಡ ಮುದ್ರಿತವೇ. ಬಟ್ಟೆಯ ಹಿಮ್ಮೈ ತಿರುವಿ ಬಣ್ಣ ಇಳಿದಿದೆಯೇ ಎಂದು ನೋಡುವ ಹಳೆಯ ಕೊಳ್ಳುಗರಿಗೆ ವ್ಯತ್ಯಾಸ ತಿಳಿಯುತ್ತದೆ.

ಕಾಗದದ ಮೇಲಿನ ಚಿತ್ರಗಳ ಸ್ಥಿತಿ ಬೇರೆ ಬಗೆಯದು. 1960ರ ದಶಕದ ಒಶೋಗ್ಬೊ ಮುದ್ರಣಗಳು ಯುರೋಪು, ಅಮೆರಿಕಗಳ ಸಂಗ್ರಹಗಳಲ್ಲಿ ಚದುರಿಹೋದವು. ಬೈಯರ್ 1981ರಲ್ಲಿ ಜರ್ಮನಿಯ ಬೈರಾಯಿಟ್‌ನಲ್ಲಿ ಸ್ಥಾಪಿಸಿದ ಇವಾಲೆವಾ ಹೌಸ್ ಅವುಗಳ ಒಂದು ಮುಖ್ಯ ನೆಲೆ. ಬೈಯರ್ ಅವರ ದಾಖಲೆಗಳು ಈಗ ಒಶೋಗ್ಬೊದ ಕಪ್ಪು ಸಂಸ್ಕೃತಿ ಮತ್ತು ಅಂತರರಾಷ್ಟ್ರೀಯ ಅರಿವಿನ ಕೇಂದ್ರದಲ್ಲಿಯೂ ದೊರೆಯುತ್ತವೆ. ಹೊಳೆಯ ಬನದಿಂದ ಆ ಕೇಂದ್ರ ದೂರವಿಲ್ಲ.